ಮುಚ್ಚಿಟ್ಟ ಎರಡು ಪುಟ

ಮಾಸ್ತರರ ಬಲಗೈಯ ನಡುಬೆರಳಿನಲ್ಲಿ ಪೆನ್ನು ಒತ್ತಿ ಒತ್ತಿ ಹುಣಸೆಬೀಜದಷ್ಟು ಗಂಟು ಎದ್ದಿತ್ತು. ಚಿಂತೆ ಹತ್ತಿದಾಗಲೆಲ್ಲ ಅದನ್ನು ಹೆಬ್ಬೆರಳಿನಿಂದ ಉಜ್ಜುತ್ತಿದ್ದರು. ಚಿಂತೆ ಅವರಿಗೆ ಯಾವಾಗಲೂ ಇತ್ತು: ಗೆದ್ದಲು, ತೇವ, ಓದಲಾಗದ ತಮ್ಮದೇ ಅಕ್ಷರ.

ಹಿರೇಗುತ್ತಿಯ ಶಾಲೆಯಲ್ಲಿ ನನಗೆ ಕನ್ನಡ ಕಲಿಸಿದವರು ಅವರು. ಶಾಲೆ ಬಿಟ್ಟ ಮೇಲೆ ಗದ್ದೆಯ ಅಂಚಿನಲ್ಲಿ ಕೂತು, ನಾಟಿ ಮಾಡುವ ಹೆಂಗಸರ ಹಾಡು ಬರೆದುಕೊಳ್ಳುತ್ತಿದ್ದರು. "ಒಂದು ಸಾಲೂ ನಂದಲ್ಲ, ನಾ ಬರೀ ಕೈ" ಎನ್ನುತ್ತಿದ್ದರು. ಆ ನೋಟುಬುಕ್ಕುಗಳು ಎರಡು ಟ್ರಂಕು ತುಂಬಿದ್ದವು. ವಿಶ್ವವಿದ್ಯಾಲಯದ ಹಸ್ತಪ್ರತಿ ಭಂಡಾರದವರು ಕೇಳಿದಾಗ, ಕುಮಟೆಯಲ್ಲಿ ಗ್ರಂಥಪಾಲಕಿಯಾಗಿರುವ ನಾನೇ ಪಟ್ಟಿ ಮಾಡಿ ಕಳಿಸಿಕೊಟ್ಟೆ.

ವಾರ ಕಳೆದಿರಲಿಲ್ಲ, ಬೆಳಿಗ್ಗೆಯೇ ಬಂದು ಬಾಗಿಲಲ್ಲಿ ನಿಂತಿದ್ದರು. ಅಂಗಿಯ ಗುಂಡಿ ಮೇಲೆ ಕೆಳಗಾಗಿತ್ತು.

"ತಂಗೀ, ದೊಡ್ಡ ತಪ್ಪಾತು. ಕಾಗಾಲದ ಪುಸ್ತಕವೂ ಹೋಗಿಬಿಟ್ಟಿತು."

ಕಾಗಾಲದ ಹಾಡುಗಾರ್ತಿಯೊಬ್ಬಳು ಹಿಂದೊಮ್ಮೆ ಹಾಡುತ್ತ ಹಾಡುತ್ತ ಅತ್ತು, ಮದುವೆಗೆ ಮೊದಲೇ ತಾನು ಹೆತ್ತ ಮಗಳ ವಿಷಯ ಹೇಳಿಕೊಂಡಿದ್ದಳಂತೆ. ಆ ಮಗಳು ಹಳದೀಪುರದಲ್ಲಿ ಹಾಡುಗಾರ್ತಿಯ ಅಕ್ಕನ ಮಗಳಾಗಿ ಬೆಳೆದು, ಈಗ ಮೊಮ್ಮಕ್ಕಳನ್ನೂ ಕಂಡಿದ್ದಾಳೆ. ಹೆತ್ತವಳನ್ನು ಚಿಕ್ಕಮ್ಮ ಎನ್ನುತ್ತಾಳೆ. ಬರೆಯಬೇಡಿ ಎಂದರೂ ಮಾಸ್ತರರು ಎರಡು ಪುಟ ಬರೆದಿಟ್ಟಿದ್ದರು, ಹೆಸರು ಸಮೇತ. ಇನ್ನು ಅದು ಸ್ಕ್ಯಾನ್ ಆಗಿ ಊರಿಗೆಲ್ಲ ಮೊಬೈಲಿನಲ್ಲಿ ಸಿಗಲಿತ್ತು.

ಅಂದೇ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ಅವರು ನೀರು ಬಿಟ್ಟು ಏನೂ ಮುಟ್ಟಲಿಲ್ಲ. "ಯಾರಾದ್ರೂ ಓದಿರ್ಬಹುದಾ? ಈಗ ಓದ್ತಾ ಇರ್ಬಹುದಾ?" ಇದೊಂದೇ ಮಾತು.

ಭಂಡಾರದ ಅಧಿಕಾರಿ ಎಲ್ಲ ಕೇಳಿಸಿಕೊಂಡರು. "ವಾಪಸ್ ಕೊಡೋಕಾಗಲ್ಲ ಸರ್. ಮುಚ್ಚಿಡಬಹುದು. ಆಕೆ ಬದುಕಿದ್ದರೆ ಆಕೆಯನ್ನೇ ಕೇಳಿ, ಬರೆಸಿಕೊಂಡು ಬನ್ನಿ" ಎಂದು ನಮ್ಮೆದುರೇ ಆ ಪುಸ್ತಕವನ್ನು ಕಪಾಟಿಗೆ ಸೇರಿಸಿ ಬೀಗ ಹಾಕಿದರು. ಮಾಸ್ತರರ ಮುಖ ಇನ್ನಷ್ಟು ಬಿಳಿಚಿತು. ಬರೆದಿದ್ದೇನೆಂದು ಈಗ ಅವಳಿಗೆ ಹೇಳಬೇಕಿತ್ತಲ್ಲ.

ಮರುದಿನ ಕಾಗಾಲಕ್ಕೆ ಹೋದಾಗ ಅವಳು ಜಗಲಿಯಲ್ಲಿ ಬಸಳೆ ಸೋಸುತ್ತಿದ್ದಳು. ಮಾಸ್ತರರು ನಿಂತೇ ಹೇಳಿದರು. ಅವಳ ಕೈ ನಿಂತಿತು.

"ಬರೀಬೇಡಿ ಅಂದಿದ್ದೆ ಅಲ್ದಾ ಮಾಸ್ತರೇ?"

"ಹೌದು, ಅಂದಿದ್ದೆ ನೀನು. ಎಂತಕ್ಕೆ ಬರೆದೆನೋ... ಹರಿದು ಹಾಕಿ ಅಂತ ಬರೆದು ಕಳಿಸ್ಲಾ?"

ಅವಳು ಉಳಿದ ಬಸಳೆಯನ್ನೆಲ್ಲ ಸೋಸಿ ಮುಗಿಸಿದಳು. ಆಮೇಲೆ, "ಹರೀಬೇಡಿ. ಮಗಳು ಇರೂ ತನಕ ಮುಚ್ಚಿಡಿ. ಆಮೇಲೆ ಯಾರು ಬೇಕಾದ್ರೂ ಓದ್ಲಿ. ನಾ ಹೆತ್ತದ್ದು ಸುಳ್ಳಾಗುದು ಬೇಡ" ಎಂದಳು. ಕಾಗದಕ್ಕೆ ಹೆಬ್ಬೆಟ್ಟು ಒತ್ತಿದಳು. ಅದನ್ನು ನೋಡಿ ಭಂಡಾರದವರು ಆ ಎರಡು ಪುಟ ಮಾತ್ರ ಬೀಗದೊಳಗಿಟ್ಟು, ಹಾಡುಗಳನ್ನು ಓದಲು ಬಿಟ್ಟರು.

ಅಂದಿನಿಂದ ಮಾಸ್ತರರು ಹಾಡು ಕೇಳಲು ಹೋದರೂ ಬರಿಗೈಯಲ್ಲೇ ಹೋದರು. ಕಳೆದ ಮಳೆಗಾಲದಲ್ಲಿ ತೀರಿಕೊಂಡರು. ಆಸ್ಪತ್ರೆಯಲ್ಲಿ ನನ್ನನ್ನು ಕೊನೆಗೆ ಕೇಳಿದ್ದೂ "ಬೀಗ ಹಾಕಿದ್ದಾರಲ್ಲ?" ಎಂದೇ. ಆ ಕಳವಳ ಈಗ ನನ್ನ ಪಾಲಿಗೆ ಬಂದಿದೆ.

ಮೊನ್ನೆ ಹೊನ್ನಾವರದ ಬಸ್ಸಿನಲ್ಲಿ ಪಕ್ಕಕ್ಕೆ ಬಂದು ಕೂತ ವಯಸ್ಸಾದ ಹೆಂಗಸು, ನನ್ನನ್ನು ಕುಮಟೆಯ ಗ್ರಂಥಾಲಯದಲ್ಲಿ ನೋಡಿದ್ದಳಂತೆ, ತಾನು ಹಳದೀಪುರದವಳೆಂದು ಪರಿಚಯ ಹೇಳಿಕೊಂಡಳು.

"ಕಾಗಾಲದ ನಮ್ಮ ಚಿಕ್ಕಮ್ಮನ ಹಾಡೆಲ್ಲ ಯೂನಿವರ್ಸಿಟಿಲಿ ಇಟ್ಟಿದ್ದಾರಂತೆ. ನಂಗೂ ನೋಡೂಕೆ ಸಿಗ್ತದಾ ಅಕ್ಕೋರೇ?"

ನನ್ನ ಹೆಬ್ಬೆರಳು ತಾನಾಗಿ ನಡುಬೆರಳನ್ನು ಉಜ್ಜಿತು.

"ಹಾಡು ಸಿಗ್ತದೆ" ಎಂದೆ.