ಬದನೆ ಮಡಿಗೆ ಹೊದಿಸಿದ ತೊಗರಿ ಹೊಟ್ಟು

ಇದನ್ನು ಹೇಳಬೇಕು, ಹೇಳಬೇಕು ಎನ್ನುತ್ತಲೇ ಬಹಳ ವರ್ಷ ಕಳೆದೆ. ಮೊದಲು ನೌಕರಿ ಇದೆ ಎಂದೆ, ಆಮೇಲೆ ಮಕ್ಕಳ ಮದುವೆ ಎಂದೆ, ಅದೂ ಮುಗಿದ ಮೇಲೆ ಕನ್ನಡಕ ಸರಿಯಿಲ್ಲ ಎಂದೆ. ಮೊನ್ನೆ ಹೊಸ ಕನ್ನಡಕವೂ ಬಂತು. ಇನ್ನು ನೆಪ ಉಳಿದಿಲ್ಲ.

ನಾನು ಜೇವರ್ಗಿಯವನು. ಮೆಟ್ರಿಕ್ ಪಾಸಾಗಿ ಅಫಜಲಪುರದ ಒಂದು ಧಾನ್ಯದ ಗೋದಾಮಿನಲ್ಲಿ ಕಾರಕೂನನಾಗಿದ್ದೆ. ಒಟ್ಟಿದ ಚೀಲಗಳ ಉದ್ದ, ಅಗಲ, ಎತ್ತರ ನೋಡಿ ಗುಣಿಸಿ, ಇಷ್ಟೇ ಚೀಲ ಇವೆ ಎಂದು ಹೇಳುವುದು ನನ್ನ ಕೆಲಸ. ಬಹಳ ಸಲ ಅದು ಸರಿಹೋಗುತ್ತಿತ್ತು. ಹೀಗೆ ಸರಿಹೋಗುವುದೇ ಮನುಷ್ಯನನ್ನು ಕೆಡಿಸುತ್ತದೆ. ಅಲ್ಲಿ ಭೀಮಾ ದಂಡೆಯ ರೈತರು ಕಬ್ಬಿನ ರವದಿಯನ್ನು, ಅಂದರೆ ಒಣಗಿದ ಎಲೆಯನ್ನು, ಗೇಣು ದಪ್ಪ ಹಾಸಿ ನೆಲದ ತೇವ ಕಾಯುವುದನ್ನು ನೋಡಿದ್ದೆ. ನೋಡಿದ್ದೆ ಅಷ್ಟೆ, ಹಾಸಿರಲಿಲ್ಲ.

ಹೆಂಡತಿಯ ತವರು ಆಳಂದ ತಾಲೂಕಿನ ನಿಂಬರ್ಗಾ. ಎಪ್ಪತ್ತರ ದಶಕದ ಕೊನೆಯ ಒಂದು ಬೇಸಿಗೆ, ಮದುವೆಯಾದ ಹೊಸತು, ರಜೆ ಹಾಕಿ ಅಲ್ಲಿಗೆ ಹೋಗಿದ್ದೆ. ಅಳಿಯನೆಂದರೆ ಆ ಮನೆಯಲ್ಲಿ ಅರ್ಧ ದೇವರು. ಅವನು ನಡುಹಗಲನ್ನು ಬೆಳದಿಂಗಳು ಎಂದರೂ ಯಾರೂ ಅಲ್ಲ ಎನ್ನುವುದಿಲ್ಲ. ಅತ್ತೆಯವರಂತೂ ನನ್ನೊಡನೆ ನೇರವಾಗಿ ಮಾತೇ ಆಡುತ್ತಿರಲಿಲ್ಲ. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಚಹಾ ಆಗಿದೆ ಎಂದು ಪಡಸಾಲೆಯ ಕಂಬಕ್ಕೆ ಹೇಳುತ್ತಿದ್ದರು. ನಾನೂ ಕಂಬವನ್ನೇ ನೋಡಿ ಸರಿ ಎನ್ನುತ್ತಿದ್ದೆ.

ಹಿತ್ತಲಲ್ಲಿ ಅತ್ತೆಯವರ ನಾಲ್ಕು ಮಡಿಗಳಿದ್ದವು. ಬದನೆ, ಮೆಣಸಿನಕಾಯಿ, ಪುಂಡಿಪಲ್ಲೆ, ಒಂದರಲ್ಲಿ ಚೆಂಡುಹೂವು. ಬಚ್ಚಲ ನೀರೇ ಅವಕ್ಕೆ ಆಧಾರ. ಪಕ್ಕದ ಖೋಲಿಯ ತುಂಬ ತೊಗರಿ ಹೊಟ್ಟು. ಮಳೆ ಬಿದ್ದು ಹಸಿ ಮೇವು ಬರುವವರೆಗೆ ಅವರ ಎಮ್ಮೆ ಬದುಕಬೇಕಾದದ್ದು ಅದರ ಮೇಲೆ. ಆ ಎಮ್ಮೆಯನ್ನು ಕರುವಾಗಿದ್ದಾಗಿನಿಂದ ಸಾಕಿದವರು ಅವರು. ಬೇರೆ ಯಾರು ಹಿಂಡಲು ಕೂತರೂ ಅದು ಹಾಲು ಬಿಡುತ್ತಿರಲಿಲ್ಲ.

ಬಿಸಿಲಿಗೆ ಬದನೆ ಎಲೆ ಜೋತುಬಿದ್ದದ್ದು ಕಂಡು ನನ್ನೊಳಗಿನ ಕಾರಕೂನ ಎದ್ದು ಕೂತ. ಮಡಿಗಳಿಗೆ ಹೊದಿಕೆ ಹಾಕಬೇಕು ಎಂದೆ. ಹಗ್ಗ ಹಿಡಿದು ಉದ್ದಗಲ ಅಳೆದೆ, ಗೇಣಿನಿಂದ ಗುಣಿಸಿದೆ, ಒಂದು ಬುಟ್ಟಿ ಹೊಟ್ಟು ಎಷ್ಟು ಜಾಗ ಮುಚ್ಚುತ್ತದೆ ಎಂದು ಸುರಿದು ನೋಡಿ ಬುಟ್ಟಿಗಳ ಅಂದಾಜು ತೆಗೆದೆ. ಗುಣಾಕಾರ ಸರಿಯಾಗಿಯೇ ಇತ್ತು. ತಪ್ಪಿದ್ದು ಗೇಣಿನಲ್ಲಿ. ರವದಿ ಹಗುರ, ಅದರ ಸಂದಿಯಲ್ಲಿ ಗಾಳಿಯೂ ನೀರೂ ಓಡಾಡುತ್ತವೆ. ಹೊಟ್ಟು ನೀರು ತಾಗಿದರೆ ನೆನೆದ ಕಂಬಳಿಯಂತೆ ಒತ್ತಿಕೊಳ್ಳುತ್ತದೆ. ಅದಕ್ಕೆ ಎರಡು ಬೆರಳು ದಪ್ಪ ಸಾಕು.

ಅತ್ತೆ ಅಂದು ಕಂಬವನ್ನು ಬಿಟ್ಟು ಮಗಳ ಕಡೆ ತಿರುಗಿದರು. "ಯವ್ವಾ, ಎಮ್ಮಿಗೆ ಏನರ ಉಳೀತದೇನು ಕೇಳು."

"ಅರ್ಧ ಖೋಲಿ ಉಳೀತದ ಅಂತ ಹೇಳು," ಎಂದೆ ಹೆಂಡತಿಗೆ, ಗೋದಾಮಿನ ದನಿಯಲ್ಲಿ.

ಸಂಜೆಯೊಳಗೆ ಹಾಸಿ ಮುಗಿಸಿದೆ. ಚಳಿಗೆ ಮುದುಕರು ಶಾಲು ಹೊದ್ದಂತೆ ಗಿಡಗಳೆಲ್ಲ ಕುತ್ತಿಗೆಯವರೆಗೆ ಹೊಟ್ಟು ಹೊದ್ದು ನಿಂತವು. ಮೇಲೆ ನೀರು ಚಿಮುಕಿಸಿದೆ. ಬೆಳಿಗ್ಗೆ ನೋಡಿದರೆ ಗೇಣು ಕುಸಿದು ನಾಲ್ಕು ಬೆರಳಾಗಿತ್ತು. ಅಲ್ಲಿಗೆ ಬಿಟ್ಟಿದ್ದರೆ ಎಮ್ಮೆಗಾದರೂ ಅರ್ಧ ಖೋಲಿ ಇರುತ್ತಿತ್ತು. ಆದರೆ ನಾನು ಗೇಣು ಎಂದಿದ್ದೆನಲ್ಲ. ಅಳಿಯನ ಗೇಣು ಕಡಿಮೆಯಾಗುವುದುಂಟೆ? ಉಳಿದದ್ದನ್ನೂ ತರಿಸಿ ಸುರಿದೆ. ಬುಟ್ಟಿ ತುಂಬಿಕೊಟ್ಟವರು ಅತ್ತೆಯೇ.

ಬಚ್ಚಲ ನೀರನ್ನೆಲ್ಲ ಹೊಟ್ಟೇ ಕುಡಿಯಿತು, ಬೇರಿಗೆ ಹನಿ ಇಳಿಯಲಿಲ್ಲ. ಒಳಗೆ ಕೈ ಇಟ್ಟರೆ ಒಲೆಯ ಬೂದಿಯಂತೆ ಬೆಚ್ಚಗಿತ್ತು. ಬುಡ ಕೊಳೆತು ಬದನೆ ಗಿಡಗಳು ಒಂದೊಂದಾಗಿ ನನಗೆ ನಮಸ್ಕಾರ ಹಾಕಿದವು. ಹುಳಿ ವಾಸನೆ ಹಿಡಿದ ಹೊಟ್ಟನ್ನು ತಿರುಗಿ ಎಮ್ಮೆಯ ಮುಂದೆ ಹಾಕಿದರೆ, ಅದು ಮೂಸಿ ಮುಖ ತಿರುಗಿಸಿತು.

ಹೆಂಡತಿಯ ಅಣ್ಣ ಎತ್ತು ನೋಡಲು ಹಿರೋಳ್ಳಿಗೆ ಹೋಗಿ ಎಂಟು ದಿನ ಅಲ್ಲೇ ಉಳಿದಿದ್ದವನು ಅಷ್ಟರಲ್ಲಿ ಬಂದ. ನಾನು ಊಟಕ್ಕೆ ಕೂತಿದ್ದೆ. ಹೋಳಿಗೆ, ಅದರ ಮೇಲೆ ಅದೇ ಎಮ್ಮೆಯ ತುಪ್ಪ. ಅವನು ಹಿತ್ತಲಿಗೆ ಹೋಗಿ ಬಂದು ಬಾಗಿಲಲ್ಲಿ ನಿಂತ.

"ಹೊಟ್ಟಿನ ಖೋಲಿ ಬಳದು ಒಗದವರು ಯಾರು? ಬ್ಯಾಸಗಿ ಮುಗಿಯೂತನ ಎಮ್ಮಿ ಏನು ತಿನಬೇಕು?"

ನಾನೇ ಎಂದು ಹೇಳಲು ಬಾಯಿ ಬೇಕಿತ್ತು, ಬಾಯಲ್ಲಿ ಹೋಳಿಗೆ ಇತ್ತು. ನುಂಗುವಷ್ಟರಲ್ಲಿ ಒಳಗಿನಿಂದ ಅತ್ತೆಯ ದನಿ ಬಂತು. "ನಾನ ಹಾಕ್ಸೀನಪಾ. ಅಳಿಯಂದ್ರು ಇಷ್ಟು ಬ್ಯಾಡ ಅಂದ್ರು, ನಾ ಕೇಳಲಿಲ್ಲ."

ಹೋಳಿಗೆ ಗಂಟಲಲ್ಲಿ ಇಳಿಯಿತು. ಬಾಯಿ ಖಾಲಿಯಾದ ಮೇಲೂ ನಾನು ಮಾತಾಡಲಿಲ್ಲ. ಅವರು ಇನ್ನೊಂದು ಹೋಳಿಗೆ ಕಳಿಸಿದರು. ಅದನ್ನೂ ತಿಂದೆ.

ಬೇಸಿಗೆ ಕಳೆಯಲಿ ಎಂದು ಎಮ್ಮೆಯನ್ನು ಮಾದನಹಿಪ್ಪರಗಾದಲ್ಲಿದ್ದ ಅತ್ತೆಯ ತಂಗಿಯ ಮನೆಗೆ ಹೊಡೆದುಕೊಂಡು ಹೋದರು. ಅಲ್ಲಿ ಅದು ಯಾರಿಗೂ ಹಾಲು ಬಿಡದೆ ಬತ್ತಿತು. ಮಳೆಗಾಲದಲ್ಲಿ ಮರಳಿದಾಗ ಅದರ ಎಲುಬು ಎಣಿಸಬಹುದಿತ್ತು. ಅತ್ತೆ ಅದರ ಕೊರಳು ಹಿಡಿದು ಬಹಳ ಹೊತ್ತು ನಿಂತಿದ್ದರಂತೆ. ಓಣಿಯ ಹೆಂಗಸರಿಗೆ ಮಾತ್ರ ಒಳ್ಳೆಯ ಮಾತು ಸಿಕ್ಕಿತು. "ಯಕ್ಕಾ, ಬದನಿ ಗಿಡ ಎಷ್ಟು ಸೇರು ಹಾಲು ಕೊಡಾಕತ್ತಾವು?" ಎಂದು ಬಾವಿಯ ಹತ್ತಿರ ಕೇಳುವುದು, ನಗುವುದು. ಈ ಚೇಷ್ಟೆ ವರ್ಷಗಟ್ಟಲೆ ನಡೆಯಿತು.

ಮುಂದೆ ಆ ಮನೆಯ ಒಂದು ಮದುವೆಯಲ್ಲಿ, ಬೀಗರ ಪಂಕ್ತಿಯಲ್ಲಿ ಕೂತು, ನಾಲ್ಕು ಜನ ನಗಲಿ ಎಂದು ಅದೇ ಮಾತನ್ನು ಕೇಳಿದವನು ನಾನು. ಹೌದು, ನಾನೇ. ಪಂಕ್ತಿ ಪೂರ್ತಿ ನಕ್ಕಿತು. ಬಡಿಸುತ್ತಿದ್ದ ಅತ್ತೆ ಕೈ ನಿಲ್ಲಿಸಿ, ಅದೇ ಮೊದಲ ಸಲ ನೇರ ನನ್ನ ಮುಖ ನೋಡಿದರು.

"ಹಾಲು ಕೊಡಲಿಲ್ರಿ," ಎಂದರು. "ಖರೆ, ಒದೀಲೂ ಇಲ್ಲ."

ಎಲ್ಲರೂ ಮತ್ತೆ ನಕ್ಕರು. ಅವರು ನನ್ನ ಎಲೆಗೆ ತುಪ್ಪ ಹಾಕಿ ಮುಂದೆ ಹೋದರು.

ಹೆಂಡತಿಯ ಮುಂದೆ ಒಂದು ದಿನ ತಪ್ಪೊಪ್ಪಿಕೊಂಡೆ. ಗೊತ್ತಿರುವುದನ್ನೇ ಯಾಕೆ ಹೇಳುತ್ತೀರಿ ಎಂದಳು. ಅವಳ ಅಣ್ಣನಿಗೂ ಹೇಳಿದೆ, ಅವನು ಕೆಮ್ಮು ಬರುವಷ್ಟು ನಕ್ಕ. ಇವರಿಬ್ಬರ ಕ್ಷಮೆ ಕೇಳುವುದು ಸುಲಭವಿತ್ತು, ನನ್ನ ಪಾಲಿನ ಮಾತನ್ನು ಹೊತ್ತವರು ಇವರಲ್ಲವಲ್ಲ. ಹೊತ್ತವರು ತೊಂಬತ್ತರ ದಶಕದವರೆಗೂ ಇದ್ದರು. ಹೋದಾಗಲೆಲ್ಲ ಎದುರಿಗೇ ಓಡಾಡುತ್ತಿದ್ದರು. ಅಳಿಯ ಹಾಗೆಲ್ಲ ಕೇಳುವ ಪದ್ಧತಿ ನಮ್ಮಲ್ಲಿಲ್ಲ ಎಂದುಕೊಂಡು, ಬಸ್ಸು ಹತ್ತಿ ಅಫಜಲಪುರಕ್ಕೆ ಮರಳುತ್ತಿದ್ದೆ. ನಾನು ಕ್ಷಮೆ ಕೇಳದೆ ಕಳಿಸಿಕೊಟ್ಟದ್ದು ಒಬ್ಬರನ್ನೇ. ಅವರು ನನ್ನ ಹೆಂಡತಿಯ ತಾಯಿ, ನನ್ನ ಅತ್ತೆ.