ತವರದ ಹೊಳಪು

ಬೆಳಿಗ್ಗೆಯಿಂದ ಮೂರು ಸಲ ನಮ್ಮ ಕರೆಗಂಟೆ ಹೊಡೆದುಕೊಂಡಿದೆ. ಬಾಗಿಲು ತೆಗೆದರೆ ಯಾರೂ ಇಲ್ಲ. ಎದುರುಮನೆಯವರ ಮೇಲೆ ನನಗೆ ಅನುಮಾನ. ಭಾಳ ಒಳ್ಳೆಯವರು ಅವರು. ಅನುಮಾನಕ್ಕೆ ಅದೇ ಕಾರಣ. ನನ್ನ ಈ ಗುಣ ಇವತ್ತಿನದಲ್ಲ ನೋಡಿ.

ಇಂಜಿನಿಯರಿಂಗ್ ಓದುವಾಗ ನಾವೊಂದು ಪುಟ್ಟ ರೇಸ್ ಕಾರು ಕಟ್ಟುತ್ತಿದ್ದೆವು. ಗೇರ್ ಬದಲಿಸಲು ಸ್ಟೀರಿಂಗಿನಿಂದ ಕೈ ತೆಗೆಯಬಾರದೆಂದು ಅದರ ಹಿಂದೆ ಬೆರಳಿನಿಂದ ಎಳೆಯುವ ಎರಡು ಪುಟ್ಟ ಹಿಡಿ, ಅಂದರೆ ಪ್ಯಾಡಲ್, ಇಟ್ಟೆವು. ಬಲಗಡೆಯದನ್ನು ಎಳೆದರೆ ಗೇರ್ ಏರಬೇಕು, ಎಡಗಡೆಯದನ್ನು ಎಳೆದರೆ ಇಳಿಯಬೇಕು. ಪ್ಯಾಡಲ್, ಅದರ ಹಿಂದಿನ ಸ್ವಿಚ್, ತಂತಿ ನನ್ನ ಪಾಲು. ಸ್ವಿಚ್ ಒತ್ತಿದಾಗ ಗೇರ್ ಬದಲಿಸುವ ಕಂಪ್ಯೂಟರ್ ಪ್ರೋಗ್ರಾಮ್ ಕುಷ್ಟಗಿಯ ಗೆಳೆಯ ಶರಣುವಿನದು. ಕಾರು ಓಡಿಸುವ ಆಸೆ ಇಬ್ಬರಿಗೂ ಇತ್ತು, ಸೀಟು ನನಗೆ ಸಿಕ್ಕಿತು.

ಪ್ಯಾಡಲ್ ಹಗುರವಾಗಿರಲೆಂದು, ಜೊತೆಗೆ ನಮ್ಮೂರ ಕಡೆಯ ಗುರುತೂ ಇರಲೆಂದು, ಕಿನ್ನಾಳದ ಬೊಂಬೆ ಮಾಡುವ ಅಜ್ಜನಿಂದ ಮರದಲ್ಲಿ ಮಾಡಿಸಿದೆ. ಹೊಳಪು ಬೇಕೆಂದೆ. ಅಜ್ಜ ತಲೆ ಕೆರೆದುಕೊಂಡ.

"ಬೊಂಬಿ ಬೆಳ್ಳಿಯಂಗ ಹೊಳೀಲಿ ಅಂತ ಹಚ್ಚೋ ತವರದ ಲೇಪ ಐತಿ ತಮ್ಮಾ. ಕರೆಂಟಿನ ಕೆಲಸಕ್ಕ ನಡೀತದೇನು?"

"ಮರಕ್ಕ ಎಲ್ಲಿ ಕರೆಂಟ್ ಹಿಡೀತೈತ್ರಿ ಅಜ್ಜಾರ, ಹಚ್ರಿ," ಎಂದೆ. ಜಗತ್ತನ್ನೆಲ್ಲ ಅನುಮಾನಿಸುವವನು ಅವತ್ತು ನನ್ನನ್ನು ಮಾತ್ರ ಬಿಟ್ಟೆ.

ಗಂಗಾವತಿಯಲ್ಲಿ ಸೋದರಮಾವನ ಅಕ್ಕಿ ಗಿರಣಿ ಇತ್ತು. ಭತ್ತ ಒಣಗಿಸುವ ಅದರ ಸಿಮೆಂಟ್ ಕಣದಲ್ಲೇ ನಮ್ಮ ಪರೀಕ್ಷೆ. ಎರಡನೇ ಸುತ್ತಿನಲ್ಲಿ ನಾನು ಮುಟ್ಟದೆಯೇ ಗೇರ್ ಏರಿತು. ಮತ್ತೆ ಏರಿತು. ಕಾರು ಗೋಣಿಚೀಲಗಳ ಸಾಲಿಗೆ ಹೋಗಿ ನುಗ್ಗಿತು.

"ನನ್ನ ಪ್ರೋಗ್ರಾಮ್ ಛಲೋ ಐತಲೇ. ನಿನ್ನ ಪ್ಯಾಡಲ್ ಬಿಚ್ಚಿ ನೋಡು," ಎಂದ ಶರಣು.

ಹಾಗೆನ್ನುವಾಗ ಅವನು ನಕ್ಕಂತೆ ಕಂಡಿತು. ಸೀಟು ಸಿಗದ ಹೊಟ್ಟೆಯುರಿಗೆ ಬೇಕೆಂದೇ ಪ್ರೋಗ್ರಾಮ್ ಕೆಡಿಸಿದ್ದಾನೆ ಎಂದುಕೊಂಡೆ. ಅಂದುಕೊಂಡದ್ದನ್ನು ನಮ್ಮ ತಂಡ ನೋಡಿಕೊಳ್ಳುತ್ತಿದ್ದ ಮೇಷ್ಟ್ರಿಗೂ ಹೇಳಿದೆ. ಅವನನ್ನು ತಂಡದಿಂದ ತೆಗೆದರು. ಅವನು ಜಗಳವಾಡಲಿಲ್ಲ, ಲ್ಯಾಪ್‌ಟಾಪ್ ಮಡಚಿ ಹೊರಟುಹೋದ.

ಅವನು ಹೋದ ಮೇಲೂ ಗೇರ್ ತಾನಾಗಿ ಏರುತ್ತಲೇ ಇತ್ತು. ಕೊನೆಗೆ ಪ್ಯಾಡಲ್ ಬಿಚ್ಚಿದೆ. ಮರವೇ ತಾನೆ ಎಂದು ಸ್ವಿಚ್ಚಿನ ತಂತಿಗಳ ತುದಿ ಹಾಗೇ ಬರಿದಾಗಿ ಬಿಟ್ಟಿದ್ದೆ. ಕಾರು ಕುಲುಕಿದಾಗಲೆಲ್ಲ ಅವು ತವರಕ್ಕೆ ತಗಲುತ್ತಿದ್ದವು; ತವರವೂ ಲೋಹವೇ, ಪ್ಯಾಡಲ್ ಎಳೆಯದೆಯೇ ಕರೆಂಟ್ ಹರಿದು ಗೇರ್ ಏರುತ್ತಿತ್ತು. ಚಾಕುವಿನಿಂದ ತವರ ಕೆರೆದೆ, ಗೇರ್ ಸರಿಹೋಯಿತು. "ಪ್ರೋಗ್ರಾಮ್ ತಿದ್ದಿದೆ ಸರ್," ಎಂದು ಮೇಷ್ಟ್ರಿಗೆ ಹೇಳಿದೆ. ಈಗಲೂ ನಾಚಿಕೆಯಾಗುತ್ತದೆ.

ಈಗ ನಾಲ್ಕನೇ ಸಲ ಕರೆಗಂಟೆ ಹೊಡೆದುಕೊಂಡಿತು. ಎದುರುಮನೆಗೆ ಹೊರಟವನು ನಿಂತು, ನಮ್ಮದೇ ಗಂಟೆಯ ಸ್ವಿಚ್ ಬಿಚ್ಚಿದೆ. ಒಳಗೆ ಇರುವೆ ಗೂಡು; ಗಂಟೆ ಬಾರಿಸುತ್ತಿದ್ದವು ಅವೇ. ಸ್ಕ್ರೂಡ್ರೈವರ್ ಕೈಯಲ್ಲಿರುವಾಗಲೇ, ಇಷ್ಟು ವರ್ಷಗಳ ಮೇಲೆ ಶರಣುವಿಗೆ ಫೋನ್ ಮಾಡಿದೆ.

"ತಪ್ಪು ಪ್ಯಾಡಲ್‌ದಾಗ ಇತ್ತಲೇ, ಶರಣು."

"ಗೊತ್ತೈತಿ. ಕಾಲೇಜಿನ್ಯಾಗ ಕಾರು ಪ್ರದರ್ಶನಕ್ಕ ಇಟ್ಟಿದ್ರಲ್ಲ, ಅವತ್ತ ಪ್ಯಾಡಲ್ ಮ್ಯಾಲಿನ ತವರ ಕೆರೆದದ್ದು ನೋಡಿದ್ನಿ."

"ಮತ್ತ ಯಾಕ ಯಾರಿಗೂ ಹೇಳಲಿಲ್ಲ?"



"ನೀ ಹೇಳ್ತಿ ಅಂತ ಕಾಯಾಕತ್ತಿದ್ನಿ."