ನಿಮ್ಮವ್ವನ ಅಭ್ಯಾಸಕ್ಕೆ ನಾನು ಹೆಣವಾದದ್ದು

ನಿಮ್ಮವ್ವ ನಾಸಿಕ್‌ನಲ್ಲಿ ನರ್ಸಿಂಗ್ ಓದುತ್ತಿದ್ದಾಗಿನ ಮಾತು. ವಾರ್ಡಿನಲ್ಲಿ ಮೊದಲ ಸಲ ಹೆಣ ಒರೆಸಲು ನಿಲ್ಲಿಸಿದಾಗ ಬಟ್ಟೆ ಬಿಸಾಡಿ ಓಡಿಬಂದಿದ್ದಳು. ಇನ್ನೊಮ್ಮೆ ಓಡಿದರೆ ಓದು ಬಿಟ್ಟು ಮನೆಯಲ್ಲೇ ಇರು ಎಂದಿದ್ದರು ಕಲಿಸುವ ಸಿಸ್ಟರ್. ಅಷ್ಟರಲ್ಲಿ ಹಂದಿಜ್ವರ ಬಂದು ವಿದ್ಯಾರ್ಥಿಗಳಿಗೆ ವಾರ್ಡ್ ಬಂದ್ ಆಯಿತು. ಪುಸ್ತಕ ನೋಡಿ ನೀವೇ ಕಲಿಯಿರಿ ಎಂದು ಕಳಿಸಿಬಿಟ್ಟರು.

ಮಗಳು ಕಲಿಯಲಿ ಎಂದು ನಾನೇ ಹೆಣವಾದೆ.

ನಾಸಿಕ್ ರೋಡಿನ ನಮ್ಮ ಒಂದೇ ಕೋಣೆಯಲ್ಲಿ, ಮಧ್ಯಾಹ್ನದ ಹೊತ್ತು, ಚಾಪೆಯ ಮೇಲೆ. ಒದ್ದೆ ಬಟ್ಟೆ ಹಿಡಿದ ಅವಳ ಬೆರಳು ಗಡಗಡ ನಡುಗುತ್ತಿದ್ದವು.

"ತಣ್ಣೀರು ಯಾಕ ಮಗಳ?" ಎಂದೆ.

"ಸತ್ತಾಕಿ ಮಾತಾಡಬಾರದು, ಸುಮ್ಮನಿರು," ಎಂದು ಪಟ್ಟಿಯಿಂದ ನನ್ನ ಗದ್ದ ಬಿಗಿಯುವಳು.

ನಾಲ್ಕನೆಯ ದಿನವೋ ಐದನೆಯದೋ, ಮೈ ನನ್ನದಲ್ಲ ಎನ್ನಿಸತೊಡಗಿತು. ತರಕಾರಿಯವನ ಕೂಗು ನೀರಿನೊಳಗಿಂದ ಬಂದ ಹಾಗೆ ಕೇಳಿತು. ಅವಳು ಪುಸ್ತಕದಲ್ಲಿದ್ದಂತೆ ನನ್ನ ಕಾಲು ನೇರ ಮಾಡಿ ಕಟ್ಟತೊಡಗಿದಳು.

ನಮ್ಮಲ್ಲಿ ಸತ್ತವರನ್ನು ಮಲಗಿಸದೆ ಕೂಡಿಸಿ ಮಣ್ಣು ಮಾಡುತ್ತೇವೆ. ನಿಮ್ಮ ಅಜ್ಜ ಆಸ್ಪತ್ರೆಯಿಂದ ಹೀಗೇ ಕಾಲು ಕಟ್ಟಿಸಿಕೊಂಡು, ಕಟ್ಟಿಗೆಯಂತೆ ಸೆಟೆದು ಬಂದಿದ್ದರು. ಎಷ್ಟು ಮಾಡಿದರೂ ಕೂಡಿಸಲು ಆಗಲಿಲ್ಲ.

ಪಟ್ಟಿ ಬಿಗಿಯುವಷ್ಟರಲ್ಲಿ ನನ್ನ ಕಾಲು ಮಡಿಚಿಕೊಂಡವು. ನಾನು ಮಡಿಚಲಿಲ್ಲ. ಇವತ್ತಿಗೂ ಆಣೆ ಮಾಡಿ ಹೇಳುತ್ತೇನೆ.

ಅವಳು ಚೀರಿ ಹೊರಗೋಡಿದಳು.

ಗದ್ದದ ಪಟ್ಟಿ ಬಿಚ್ಚಿ ಕರೆಯಬಹುದಿತ್ತು. ಕರೆದಿದ್ದರೆ ಬರುತ್ತಿದ್ದಳು ಕೂಡ. ಆದರೆ ವಾರ್ಡಿನಲ್ಲಿ ಹೆಣ ಕರೆಯುತ್ತದೆಯೇ? ಅಲುಗದೆ ಮಲಗಿದೆ. ಬಿಸಿಲಿದ್ದರೂ ಕೋಣೆ ತಣ್ಣಗಾಗುತ್ತ ಹೋಯಿತು. ನನ್ನ ಉಸಿರು ನನಗೇ ಕೇಳಿಸಲಿಲ್ಲ. ಪಕ್ಕದಲ್ಲಿ ಯಾರೋ ಮಲಗಿದ್ದಾರೆ ಅನ್ನಿಸಿತು. ಹೊರಳಿ ನೋಡುವ ಧೈರ್ಯ ಬರಲಿಲ್ಲ.

ಬಹಳ ಹೊತ್ತಿನ ಮೇಲೆ ಹೆಜ್ಜೆ ಸಪ್ಪಳ. ನನ್ನ ಮೊಣಕಾಲ ಮೇಲೆ ಒಂದು ಕೈ ಬಂತು. ಅದು ನಡುಗುತ್ತಿರಲಿಲ್ಲ.

"ಕೂಡ್ತೀರೇನ್ರಿ?" ಎಂದಳು.

ನನಗೆ ಅವಳು ಎಂದೂ 'ರಿ' ಹಚ್ಚಿದವಳಲ್ಲ. ಹಾಗೆ ಮಾತಾಡಿಸುತ್ತಿದ್ದದ್ದು ತನ್ನ ಅಪ್ಪನನ್ನು, ನಿಮ್ಮ ಅಜ್ಜನನ್ನು ಮಾತ್ರ. ನಾನು ಕಣ್ಣು ತೆರೆಯಲಿಲ್ಲ. ಪಟ್ಟಿ ಬಿಚ್ಚಿ, ಬೆನ್ನಿಗೆ ಕೈಕೊಟ್ಟು, ಮೆಲ್ಲಗೆ ಗೋಡೆಗೆ ಒರಗಿಸಿ ಕೂಡಿಸಿದಳು.

ವಾರ್ಡ್ ತೆರೆದ ವಾರದಲ್ಲೇ ಅವಳ ಸರದಿ ಬಂತು. ಸಂಜೆ ಮನೆಗೆ ಬಂದವಳು ಕೈ ತೊಳೆದು ನೇರ ಊಟಕ್ಕೆ ಕೂತಳು.

"ಒಬ್ಬ ಅಜ್ಜ ಇದ್ರವ್ವಾ. ಕಾಲು ಕಟ್ಟೋ ಮೊದಲ ಮಗನ್ನ ಕೇಳಿದೆ, ನಿಮ್ಮಲ್ಲಿ ಮಲಗಸ್ತೀರೋ ಕೂಡಸ್ತೀರೋ ಅಂತ."

"ಸಿಸ್ಟರ್ ಬೈಲಿಲ್ಲೇನು?"

"ಇಲ್ಲ. ಇನ್ನ ಮುಂದ ಎಲ್ಲಾರ್ನೂ ಹಂಗ ಕೇಳು ಅಂದ್ರು," ಎಂದು ಇನ್ನೊಂದು ರೊಟ್ಟಿ ಹಾಕಿಸಿಕೊಂಡಳು.